ಉತ್ತರ ಬೇಡುವ ಕಾಗದ: ಪ್ಯಾರಿಸ್ ಉಡುಪಿನ ಸ್ಕೆಚ್ ಸುತ್ತಲಿನ ವಾದಗಳು

1955ರ ಆಗಸ್ಟ್ ತಿಂಗಳು. ಪ್ಯಾರಿಸ್ಸಿನ ಹಳೆಯ ಸರ್ಕಸ್ ಕಟ್ಟಡವೊಂದರಲ್ಲಿ ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡನ್ ಆನೆಗಳ ನಡುವೆ ಡೊವಿಮಾ ಎಂಬ ರೂಪದರ್ಶಿಯನ್ನು ನಿಲ್ಲಿಸಿ ಚಿತ್ರ ತೆಗೆದರು. ಮೈಗಂಟಿದ ಕಪ್ಪು ವೆಲ್ವೆಟ್ ಉಡುಪು, ಸೊಂಟದಿಂದ ಕೆಳಕ್ಕೆ ಇಳಿಬಿದ್ದ ಬಿಳಿ ಸ್ಯಾಟಿನ್ ಪಟ್ಟಿ. ಫ್ಯಾಷನ್ನಿನ ಗೊಡವೆಯೇ ಇಲ್ಲದವರೂ ಈ ಚಿತ್ರವನ್ನು ಎಲ್ಲೋ ಒಂದು ಕಡೆ ನೋಡಿರುತ್ತಾರೆ. ಉಡುಪಿನ ಲೇಬಲ್ ಮೇಲಿರುವುದು ಕ್ರಿಶ್ಚಿಯನ್ ಡಿಯೋರ್ ಹೆಸರು. ಆದರೆ ಅದರ ಗೆರೆಗಳನ್ನು ಹಾಳೆಯ ಮೇಲೆ ಎಳೆದದ್ದು ಆ ಬೇಸಿಗೆಯಲ್ಲಷ್ಟೇ ಸಹಾಯಕನಾಗಿ ಸೇರಿಕೊಂಡಿದ್ದ, ಆಗತಾನೇ ಹತ್ತೊಂಬತ್ತು ತುಂಬಿದ್ದ ಈವ್ ಸಾಂ ಲೊರಾಂ ಎಂಬ ತರುಣ. ಆ ಗೆರೆಗಳನ್ನು ನೋಡಿ ವೆಲ್ವೆಟ್ ಕತ್ತರಿಸಿ, ಹೊಲಿದು, ಮೈಗೆ ಕೂರಿಸಿದವರು ಇನ್ನೂ ಬೇರೆ.

ಒಂದೇ ಉಡುಪಿಗೆ ಮೂರು ಕಡೆಯ ಹಕ್ಕುದಾರರು: ಹೆಸರಿನವರು, ಗೆರೆಯವರು, ಸೂಜಿಯವರು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಪ್ಯಾರಿಸ್ಸಿನ ಕೂತೂರ್ ಮನೆಗಳಿಂದ ಹೊರಬಂದ ಸಾವಿರಾರು ಉಡುಪುಗಳ ಹಿಂದೆ ಇಂಥದೇ ತಂಟೆ ಇದೆ. (ಗಿರಾಕಿಯ ಅಳತೆಗೆ ಕೈಯಿಂದ ಹೊಲಿಯುವ ದುಬಾರಿ ಉಡುಪಿನ ಕಸುಬಿಗೆ ಫ್ರೆಂಚರು ‘ಓತ್ ಕೂತೂರ್’ ಎನ್ನುತ್ತಾರೆ; ಅಂಥ ಸಂಸ್ಥೆಯನ್ನು ‘ಮನೆ’ ಎಂದೇ ಕರೆಯುವುದು ಅವರ ರೂಢಿ.) ಆ ತಂಟೆಯ ಕೇಂದ್ರದಲ್ಲಿರುವುದು ಒಂದು ಹಾಳೆ. ಉಡುಪಿನ ಸ್ಕೆಚ್ ಎಂದರೆ ಏನು? ಉಡುಪು ಹುಟ್ಟಿದ ಗಳಿಗೆಯೇ, ಕೆಲಸಗಾರರಿಗೆ ಕೊಟ್ಟ ಸೂಚನೆಯೇ, ಮಾರುಕಟ್ಟೆಯ ಸರಕೇ, ಕೋರ್ಟಿನ ಸಾಕ್ಷ್ಯವೇ, ಅಥವಾ ಗೋಡೆಗೆ ತೂಗುಹಾಕಬಹುದಾದ ಕಲೆಯೇ? ಇತಿಹಾಸಕಾರರು, ವಸ್ತುಸಂಗ್ರಹಾಲಯದವರು, ವಕೀಲರು, ಸಮಾಜಶಾಸ್ತ್ರಜ್ಞರು ಎಲ್ಲರೂ ಈ ಪ್ರಶ್ನೆಗೆ ಕೈಹಾಕಿದ್ದಾರೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಸರಿ ಕಂಡಿಲ್ಲ.

ಮೂರು ಬಗೆಯ ಹಾಳೆ

ವಾದಕ್ಕೆ ಇಳಿಯುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ಡಿಯೋರ್ ಸ್ಕೆಚ್’ ಎಂದು ಪುಸ್ತಕಗಳಲ್ಲಿ ಅಚ್ಚಾಗುವ ಚಿತ್ರಗಳೆಲ್ಲ ಒಂದೇ ಜಾತಿಯವಲ್ಲ.

ಮೊದಲನೆಯದು ವಿನ್ಯಾಸಕ ಕೆಲಸ ಶುರುವಾಗುವ ಮುಂಚೆ ಬರೆಯುವ ಕರಡು. ಫ್ರೆಂಚಿನಲ್ಲಿ ಇದಕ್ಕೆ ‘ಕ್ರೋಕಿ’ ಎನ್ನುತ್ತಾರೆ. ಕೆಲವೇ ಗೆರೆಗಳಲ್ಲಿ ಭುಜ, ನಡು, ಲಂಗದ ಅಗಲ ಕಂಡರೆ ಸಾಕು. ಮುಖಕ್ಕೆ ಕಣ್ಣು ಮೂಗು ಇಲ್ಲದಿದ್ದರೂ ನಡೆಯುತ್ತದೆ. ಎರಡನೆಯದು ಉಡುಪು ಸಿದ್ಧವಾದ ಮೇಲೆ ದಾಖಲೆಗೆಂದು ಬರೆಸಿಟ್ಟದ್ದು. ಅದರ ಪಕ್ಕದಲ್ಲಿ ಬಟ್ಟೆಯ ಚೂರೊಂದನ್ನು ಅಂಟಿಸಿ, ಮಾದರಿಯ ಸಂಖ್ಯೆಯನ್ನೋ ಹೆಸರನ್ನೋ ನಮೂದಿಸಿರುತ್ತಾರೆ. ಇದನ್ನು ಬರೆಯುತ್ತಿದ್ದವರು ಬಹುಮಟ್ಟಿಗೆ ಆ ಮನೆಯ ಸಂಬಳದ ಚಿತ್ರಕಾರರು. ಮೂರನೆಯದು ಪತ್ರಿಕೆಗೋ ಜಾಹೀರಾತಿಗೋ ಹೊರಗಿನ ಕಲಾವಿದ ಬರೆದುಕೊಟ್ಟದ್ದು. ಇಟಲಿಯಲ್ಲಿ ಹುಟ್ಟಿದ ರೆನೆ ಗ್ರುವೋ ಡಿಯೋರ್ ಸುಗಂಧದ್ರವ್ಯಕ್ಕಾಗಿ ಬರೆದ ಚಿತ್ರಗಳು ಎಷ್ಟು ಪ್ರಸಿದ್ಧವಾದವೆಂದರೆ ಅನೇಕರ ಮನಸ್ಸಿನಲ್ಲಿ ಡಿಯೋರ್ ಶೈಲಿ ಎಂದರೆ ಗ್ರುವೋ ಅವರ ಕುಂಚವೇ.

ಕರಡು, ದಾಖಲೆ, ಜಾಹೀರಾತು. ಈ ಮೂರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ‘ಸೃಷ್ಟಿಯ ಮೊದಲ ಗೆರೆ’ ಎಂದು ಕೊಂಡಾಡುವುದರಿಂದಲೇ ಅರ್ಧ ಜಗಳ ಹುಟ್ಟಿದೆ ಎಂದು ನನಗನ್ನಿಸುತ್ತದೆ. ಉಡುಪು ಮುಗಿದ ಮೇಲೆ ಬರೆದ ದಾಖಲೆಯಲ್ಲಿ ಹೊಲಿಗೆಯ ಗೆರೆಗಳು ಕರಾರುವಾಕ್ಕಾಗಿ ಇರುತ್ತವೆ. ಅದನ್ನು ಮೊದಲ ಕರಡು ಎಂದು ತಿಳಿದರೆ, ವಿನ್ಯಾಸಕನ ತಲೆಯಲ್ಲಿ ಎಲ್ಲವೂ ಆಗಲೇ ತೀರ್ಮಾನವಾಗಿತ್ತು ಎಂಬ ತಪ್ಪು ನಂಬಿಕೆ ಬೆಳೆಯುತ್ತದೆ.

ಸ್ಕೆಚ್ ನಡೆದು ಬಂದ ದಾರಿ

ಕೂತೂರ್ ಕಸುಬಿನ ಮೊದಲ ದೊಡ್ಡ ಹೆಸರು ಚಾರ್ಲ್ಸ್ ಫ್ರೆಡರಿಕ್ ವರ್ತ್, ಪ್ಯಾರಿಸ್ಸಿಗೆ ಬಂದು ನೆಲೆಸಿದ ಇಂಗ್ಲಿಷ್ ಮನುಷ್ಯ. ಅವನ ಏಳಿಗೆಯ ಕಥೆ ಶುರುವಾಗುವುದೇ ಚಿತ್ರಗಳಿಂದ. ಅವನ ಹೆಂಡತಿ ಮಾರಿ ಸ್ಕೆಚ್‌ಗಳ ಪುಸ್ತಕವೊಂದನ್ನು ಹಿಡಿದು ಆಸ್ಟ್ರಿಯಾ ರಾಯಭಾರಿಯ ಪತ್ನಿ ಪೌಲಿನ್ ಮೆಟರ್‌ನಿಖ್ ಮನೆಗೆ ಹೋದಳು. ಆಕೆ ಹೊಲಿಸಿಕೊಂಡ ಉಡುಪು ಚಕ್ರವರ್ತಿನಿ ಯೂಜೆನಿಯ ಕಣ್ಣಿಗೆ ಬಿತ್ತು. ಅಲ್ಲಿಂದ ವರ್ತ್ ಹಿಂತಿರುಗಿ ನೋಡಲಿಲ್ಲ. ಗಿರಾಕಿ ಹೇಳಿದಂತೆ ಹೊಲಿಯುತ್ತಿದ್ದ ದರ್ಜಿ, ತಾನು ತೋರಿಸಿದ್ದರಲ್ಲಿ ಗಿರಾಕಿ ಆರಿಸಿಕೊಳ್ಳಬೇಕು ಎನ್ನುವ ವಿನ್ಯಾಸಕನಾದ. ಈ ತಿರುವಿನಲ್ಲಿ ಸ್ಕೆಚ್ ನೋಡಿ ಆರಿಸುವ ಪಟ್ಟಿಯಾಗಿತ್ತು.

19ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಬಿಡಿಯಾಗಿ ಮಾರಾಟವಾಗುವ ಸರಕೂ ಆಯಿತು. ಕೊಡೆ ತಯಾರಕನ ಬಳಿ ದುಡಿಯುತ್ತಿದ್ದ ಪಾಲ್ ಪುವಾರೆ 1898ರಲ್ಲಿ ಹನ್ನೆರಡು ಸ್ಕೆಚ್‌ಗಳನ್ನು ಮದಾಂ ಶೆರುಯಿ ಎಂಬ ವಿನ್ಯಾಸಕಿಗೆ ಮಾರಿದರು. ಆ ಚಿತ್ರಗಳೇ ಅವರಿಗೆ ದೊಡ್ಡ ಮನೆಗಳ ಬಾಗಿಲು ತೆರೆದವು. ಅದೇ ಪುವಾರೆ 1908ರಲ್ಲಿ ಪಾಲ್ ಇರೀಬ್ ಎಂಬ ಕಲಾವಿದನಿಂದ ತಮ್ಮ ಉಡುಪುಗಳ ಚಿತ್ರಸಂಪುಟ ಮಾಡಿಸಿದರು. ಕೊಂಡುಕೊಳ್ಳದಿದ್ದರೂ ನೋಡಿ ಆನಂದಿಸಬಹುದಾದ ವಸ್ತುವಾಗಿ ಉಡುಪಿನ ಚಿತ್ರ ಬದಲಾದದ್ದು ಅಲ್ಲಿ.

ಡಿಯೋರ್ ಈ ಕಸುಬಿಗೆ ಬಂದದ್ದೂ ಸೂಜಿಯ ಬಾಗಿಲಿನಿಂದಲ್ಲ. 1905ರಲ್ಲಿ ಗ್ರಾನ್‌ವಿಲ್‌ನಲ್ಲಿ ಹುಟ್ಟಿದ ಅವರು ಮೊದಲು ಚಿತ್ರಗಳ ಗ್ಯಾಲರಿ ನಡೆಸುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆತನವೂ ಗ್ಯಾಲರಿಯೂ ಮುಳುಗಿದವು. ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ಸ್ನೇಹಿತರ ಒತ್ತಾಯಕ್ಕೆ ಟೋಪಿಗಳ ಸ್ಕೆಚ್ ಬರೆಯತೊಡಗಿ, ಮನೆಯಿಂದ ಮನೆಗೆ ಅಲೆದು ಮಾರಿದರು. ಉಡುಪಿನ ಚಿತ್ರಗಳಿಗಿಂತ ಟೋಪಿಯ ಚಿತ್ರಗಳೇ ಚೆನ್ನಾಗಿ ಹೋಗುತ್ತಿದ್ದವಂತೆ. 1938ರಲ್ಲಿ ರಾಬರ್ಟ್ ಪಿಗೆ ಅವರ ಮನೆಯಲ್ಲಿ ಕೆಲಸ ಸಿಕ್ಕಿತು. ಯುದ್ಧದ ನಡುವೆ ಲುಸಿಯಾಂ ಲುಲಾಂಗ್ ಮನೆ ಸೇರಿ ಪಿಯೇರ್ ಬಾಲ್ಮ್ಯಾಂ ಜೊತೆ ದುಡಿದರು. 1946ರ ಡಿಸೆಂಬರ್‌ನಲ್ಲಿ ಅವೆನ್ಯೂ ಮೊಂತೇನ್‌ನ 30ನೆಯ ಸಂಖ್ಯೆಯ ಕಟ್ಟಡದಲ್ಲಿ ಅವರದೇ ಮನೆ ಬಾಗಿಲು ತೆರೆಯಿತು. 1947ರ ಫೆಬ್ರವರಿ 12ರಂದು ಮೊದಲ ಪ್ರದರ್ಶನ. ಹಾರ್ಪರ್ಸ್ ಬಜಾರ್ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಆಡಿದ ಒಂದು ಮಾತಿನಿಂದ ಆ ಶೈಲಿಗೆ ‘ನ್ಯೂ ಲುಕ್’ ಎಂಬ ಹೆಸರು ನಿಂತುಬಿಟ್ಟಿತು.

ಸ್ಕೆಚ್ ಮಾರಿ ಹೊಟ್ಟೆ ಹೊರೆದವನೇ ಆ ಯುಗದ ನಾಯಕನಾದ. ಅವನ ಸುತ್ತ ಬೆಳೆದ ಕಥೆಯಲ್ಲಿ ಪೆನ್ಸಿಲ್ಲಿಗೆ ದೊಡ್ಡ ಪಾತ್ರ ಸಿಕ್ಕಿದ್ದು ಸಹಜವೇ.

ಗೆರೆಯನ್ನು ನಂಬುವವರು

ಮೊದಲ ಪಕ್ಷದ ಪ್ರಕಾರ ಉಡುಪು ಹುಟ್ಟುವುದು ಹಾಳೆಯ ಮೇಲೆ. ಇದಕ್ಕೆ ಬಲವಾದ ಆಧಾರ ಡಿಯೋರ್ 1956ರಲ್ಲಿ ಹೊರತಂದ ಆತ್ಮಕಥೆ. ಹೊಸ ಸಂಗ್ರಹಕ್ಕೆ ಮುಂಚೆ ಅವರು ಪ್ಯಾರಿಸ್ ಬಿಟ್ಟು ಹಳ್ಳಿಯ ಮನೆಗೆ ಹೋಗುತ್ತಿದ್ದರು. ಅಲ್ಲಿ ಹಾಸಿಗೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ, ಊಟದ ಮೇಜಿನಲ್ಲಿ, ಕಾರಿನಲ್ಲಿ, ಎಲ್ಲೆಂದರಲ್ಲಿ ಸಣ್ಣ ಸಣ್ಣ ಚಿತ್ರ ಗೀಚುತ್ತಿದ್ದರು. ಹಲವು ದಿನ ಏನೂ ಆಗದೆ, ಒಮ್ಮೆ ಯಾವುದೋ ಒಂದು ಗೆರೆ ಕೈಹಿಡಿದರೆ ಅದರ ಬೆನ್ನಿಗೆ ನೂರಾರು ಹಾಳೆ ತುಂಬಿಬಿಡುತ್ತಿತ್ತು. ಸಂಗ್ರಹಗಳಿಗೆ ಕೊರೋಲ್, ಎಚ್, ಎ, ವೈ ಎಂದು ಆಕಾರದ ಹೆಸರಿಡುತ್ತಿದ್ದ ಅವರ ಪದ್ಧತಿಯೂ ಈ ಪಕ್ಷಕ್ಕೆ ಅನುಕೂಲ. ‘ಎ’ ಎಂಬ ಅಕ್ಷರ ಬಟ್ಟೆಯ ಗುಣವಲ್ಲ, ಹೊರರೇಖೆಯ ಗುಣ. ಹೊರರೇಖೆ ಮೊದಲು ಕಾಣುವುದು ಪೆನ್ಸಿಲ್ಲಿಗೆ.

ಸಾಂ ಲೊರಾಂ ಇನ್ನೂ ಒಂದು ಹೆಜ್ಜೆ ಮುಂದಿನ ಉದಾಹರಣೆ. ಅಲ್ಜೀರಿಯಾದ ಓರಾನ್ ಊರಿನಲ್ಲಿ ಹದಿಹರೆಯದಲ್ಲಿದ್ದಾಗಲೇ ಪತ್ರಿಕೆಗಳಿಂದ ರೂಪದರ್ಶಿಯರ ಚಿತ್ರ ಕತ್ತರಿಸಿ ಕಾಗದದ ಗೊಂಬೆ ಮಾಡಿ, ಅವಕ್ಕೆ ಕಾಗದದ ಉಡುಪುಗಳನ್ನು ಬರೆದು ತೊಡಿಸುತ್ತಿದ್ದ. ಉಣ್ಣೆ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ 1954ರಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಉಡುಪಿನ ವಿಭಾಗದ ಮೊದಲ ಬಹುಮಾನ ಅವನಿಗೆ ಬಂತು. ಕೋಟಿನ ವಿಭಾಗದ ಬಹುಮಾನ ಕಾರ್ಲ್ ಲಾಗರ್‌ಫೆಲ್ಡ್‌ಗೆ. ಸ್ಪರ್ಧೆಗೆ ಕಳಿಸಬೇಕಾದದ್ದು ಸ್ಕೆಚ್. ಗೆದ್ದ ಮೇಲೆ ಉಡುಪನ್ನು ಹೊಲಿಸಿದ್ದು ಹೆಸರಾಂತ ಮನೆಗಳು. ಪ್ಯಾರಿಸ್ಸಿನ ವೋಗ್ ಪತ್ರಿಕೆಯ ಮಿಶೆಲ್ ದ ಬ್ರುನೋಫ್ ಈ ಹುಡುಗನ ಹೊಸ ಸ್ಕೆಚ್‌ಗಳನ್ನು ನೋಡಿ ಬೆರಗಾದರು. ಡಿಯೋರ್ ಹೊರತರುತ್ತಿದ್ದ ‘ಎ’ ಆಕಾರಕ್ಕೆ ಅವು ಅಷ್ಟು ಹತ್ತಿರವಾಗಿದ್ದವು. ಕೂಡಲೇ ಹುಡುಗನನ್ನು ಡಿಯೋರ್ ಬಳಿ ಕಳಿಸಿಕೊಟ್ಟರು.

ಈ ಘಟನೆಯನ್ನು ಪ್ರತಿಭೆಯ ಪುರಾವೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಇನ್ನೊಂದು ಮಗ್ಗುಲಿನಿಂದಲೂ ನೋಡುತ್ತೇನೆ. ಇಬ್ಬರು ವ್ಯಕ್ತಿಗಳು ಒಬ್ಬರದನ್ನೊಬ್ಬರು ನೋಡದೆ ಒಂದೇ ಆಕಾರಕ್ಕೆ ಬಂದಿದ್ದರೆ, ಆ ಆಕಾರ ಇಬ್ಬರಿಗಿಂತಲೂ ದೊಡ್ಡದಾದ ಯಾವುದೋ ಕಾಲದ ಗಾಳಿಯಲ್ಲಿತ್ತು ಎಂದಾಯಿತಲ್ಲ? ಗೆರೆಯೇ ಸೃಷ್ಟಿಕರ್ತನ ಸಹಿ ಎನ್ನುವವರಿಗೆ ಇದು ಸುಲಭದ ಪ್ರಶ್ನೆಯಲ್ಲ. ಆದರೂ ಈ ಪಕ್ಷ ಒಂದನ್ನು ಚೆನ್ನಾಗಿ ವಿವರಿಸುತ್ತದೆ. ನೂರಾರು ಕೈಗಳು ಸೇರಿ ಹೊಲಿದ ಉಡುಪುಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಕಾಣುವುದೇಕೆ ಎಂಬುದಕ್ಕೆ ಒಂದೇ ಕೈಯ ಸ್ಕೆಚ್‌ಗಳಿಗಿಂತ ಸರಳ ಕಾರಣ ಹುಡುಕುವುದು ಕಷ್ಟ.

ಬಟ್ಟೆಯ ಮಾತು ಕೇಳುವವರು

ಆದರೆ ಅದೇ ಪ್ಯಾರಿಸ್ಸಿನಲ್ಲಿ ಪೆನ್ಸಿಲ್ ಮುಟ್ಟದೆ ದೊಡ್ಡ ಹೆಸರಾದವರಿದ್ದರು. ಮದ್ಲೆನ್ ವಿಯೊನೆ ಚಿಕ್ಕ ಮರದ ಗೊಂಬೆಯೊಂದರ ಮೇಲೆ ಬಟ್ಟೆ ಹೊದಿಸಿ, ತಿರುಗಿಸಿ, ಗುಂಡುಸೂಜಿ ಚುಚ್ಚಿ ಉಡುಪನ್ನು ಕಂಡುಕೊಳ್ಳುತ್ತಿದ್ದರು. ಬಟ್ಟೆಯನ್ನು ನೂಲಿನ ಗುಂಟ ಇಡದೆ ಓರೆಯಾಗಿ ಕತ್ತರಿಸುವ ಕ್ರಾಸ್ ಕಟ್‌ಗೆ ಅವರ ಹೆಸರು ಅಂಟಿಕೊಂಡಿದೆ. ಓರೆ ಕತ್ತರಿಸಿದ ರೇಷ್ಮೆ ತನ್ನ ಭಾರಕ್ಕೆ ತಾನೇ ಎಳೆದುಕೊಂಡು ಮೈಮೇಲೆ ಹರಿಯುತ್ತದೆ. ಎಷ್ಟು ಎಳೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾವ ಗೆರೆಯೂ ಮುಂಚಿತವಾಗಿ ಹೇಳಲಾರದು, ತೂಗುಹಾಕಿಯೇ ನೋಡಬೇಕು. ಮದಾಂ ಗ್ರೆ ಶಿಲ್ಪಿಯಾಗಬೇಕೆಂದಿದ್ದವರು; ರೇಷ್ಮೆ ಜೆರ್ಸಿಯನ್ನು ಮೈಮೇಲೆಯೇ ನೆರಿಗೆ ಹಿಡಿದು ಹೊಲಿಯುತ್ತಿದ್ದರು. 1954ರಲ್ಲಿ ತಮ್ಮ ಮನೆಯನ್ನು ಮತ್ತೆ ತೆರೆದ ಶನೆಲ್ ಕೂಡ ರೂಪದರ್ಶಿಯ ಮೈಮೇಲೆ ಕತ್ತರಿ, ಗುಂಡುಸೂಜಿ ಹಿಡಿದು ಕೆಲಸ ಮಾಡಿದವರೇ.

ಈ ಪಕ್ಷದ ಅತಿ ದೊಡ್ಡ ಸಾಕ್ಷಿ ಕ್ರಿಸ್ಟೋಬಾಲ್ ಬಾಲೆನ್ಸಿಯಾಗ. 1895ರಲ್ಲಿ ಸ್ಪೇನಿನ ಗೆತಾರಿಯಾ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿ, ಹೊಲಿಗೆ ಮಾಡುತ್ತಿದ್ದ ತಾಯಿಯ ಪಕ್ಕದಲ್ಲಿ ಬೆಳೆದು, 1937ರಲ್ಲಿ ಪ್ಯಾರಿಸ್ಸಿನಲ್ಲಿ ಮನೆ ತೆರೆದವರು. ಕತ್ತರಿಸುವುದು, ಜೋಡಿಸುವುದು, ಹೊಲಿಯುವುದು ಎಲ್ಲವೂ ಅವರ ಕೈಗೇ ಬರುತ್ತಿತ್ತು. ತೋಳು ಕೂರಿಸುವ ವಿಷಯದಲ್ಲಂತೂ ಸಮಾಧಾನವೆಂಬುದೇ ಇರಲಿಲ್ಲ. ಸರಿಯಿಲ್ಲವೆನಿಸಿದರೆ ಬಿಚ್ಚಿ ಮತ್ತೆ ಕೂರಿಸುತ್ತಿದ್ದರು. ಅವರ ಆಲೋಚನೆ ಬಟ್ಟೆಯಿಂದ ಹೊರಟು ಆಕಾರಕ್ಕೆ ಹೋಗುತ್ತಿತ್ತು. ಅವರ ಮನೆಯ ಸ್ಕೆಚ್‌ಗಳಲ್ಲಿ ಹಲವನ್ನು ಬರೆದವರು ಬೇರೆ ಚಿತ್ರಕಾರರು.

2017ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಬಾಲೆನ್ಸಿಯಾಗ ಪ್ರದರ್ಶನ ನಡೆಸಿದಾಗ ನಿಕ್ ವೀಸಿ ಎಂಬ ಕಲಾವಿದ ಉಡುಪುಗಳ ಎಕ್ಸ್-ರೇ ತೆಗೆದರು. ಹೊರಗಿನಿಂದ ಗಾಳಿ ತುಂಬಿದಂತೆ ಹಗುರವಾಗಿ ಕಾಣುವ ಉಡುಪಿನೊಳಗೆ ಕಡ್ಡಿಗಳು, ಲಂಗ ಹಾರದಂತೆ ತಡೆಯುವ ಪುಟ್ಟ ತೂಕಗಳು, ಒಂದು ಕಡೆ ಮರೆತು ಉಳಿದ ಗುಂಡುಸೂಜಿಯೂ ಕಂಡವು. ಸ್ಕೆಚ್ಚಿನಲ್ಲಿ ಒಂದು ಬಳುಕು ಗೆರೆಯಾಗಿರುವುದು ಉಡುಪಿನಲ್ಲಿ ಇಷ್ಟು ಕಟ್ಟಡ ಕೆಲಸ. ಅಮೆರಿಕದ ಬೆಟ್ಟಿ ಕರ್ಕ್ ವಿಯೊನೆ ಉಡುಪುಗಳನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಅಳೆದು, ಅವುಗಳ ಕತ್ತರಿಕೆಯ ನಕ್ಷೆಗಳನ್ನು ಮತ್ತೆ ಬರೆದರು. ಉಡುಪನ್ನು ಓದಬೇಕಾದರೆ ಹೊಲಿಗೆಯ ಒಳಮಗ್ಗುಲನ್ನು ಓದಬೇಕು ಎಂಬುದು ಈ ಪಕ್ಷದವರ ನಿಲುವು.

ನಮ್ಮಲ್ಲಿ ರವಿಕೆ ಹೊಲಿಸಲು ಹೋದವರು ಚಿತ್ರಕ್ಕಿಂತ ಹೆಚ್ಚಾಗಿ ‘ಅಳತೆ ರವಿಕೆ’ಯನ್ನೇ ದರ್ಜಿಯ ಮುಂದಿಡುತ್ತಾರೆ. ಅವನು ಅದನ್ನು ತಿರುವಿ, ಒಳಗಿನ ಹೊಲಿಗೆ ನೋಡಿ, ಬಟ್ಟೆಯಿಂದ ಬಟ್ಟೆಗೆ ಮಾತು ದಾಟಿಸುತ್ತಾನೆ. ಇದನ್ನು ಕಂಡು ಬೆಳೆದವರಿಗೆ ಎರಡನೆಯ ಪಕ್ಷದ ವಾದ ಬೇಗ ಒಪ್ಪಿಗೆಯಾಗುತ್ತದೆ, ನನಗೂ ಆಗಿತ್ತು. ಆದರೆ ಇದರ ಮಿತಿಯನ್ನೂ ಕಾಣಬೇಕು. ಬಾಲೆನ್ಸಿಯಾಗ ಹಾಗೆ ಕೆಲಸ ಮಾಡಿದರು ಎಂಬುದರಿಂದ ಡಿಯೋರ್ ಕೂಡ ಹಾಗೆಯೇ ಮಾಡಬೇಕಿತ್ತು ಎಂದಾಗುವುದಿಲ್ಲ. ಸ್ಕೆಚ್ ಎಲ್ಲ ಮನೆಗಳಲ್ಲೂ ಒಂದೇ ಕೆಲಸ ಮಾಡಲಿಲ್ಲ ಎಂಬುದಷ್ಟೇ ಇದರಿಂದ ಗಟ್ಟಿಯಾಗುತ್ತದೆ.

ಹೊಲಿದ ಕೈಗಳ ಪಾಲು

ಡಿಯೋರ್ ಪುಸ್ತಕವನ್ನು ಪೂರ್ತಿ ಓದಿದರೆ ಅದು ಮೊದಲ ಪಕ್ಷಕ್ಕಿಂತ ಮೂರನೆಯ ಪಕ್ಷಕ್ಕೇ, ಅಂದರೆ ಉಡುಪು ರೂಪುಗೊಳ್ಳುವುದು ಹೊಲಿಯುವವರ ಕೈಯಲ್ಲಿ ಎನ್ನುವವರಿಗೇ, ಹೆಚ್ಚು ಪುರಾವೆ ಕೊಡುತ್ತದೆ.

ಹಳ್ಳಿಯಿಂದ ಹಿಂತಿರುಗಿದ ಡಿಯೋರ್ ಸ್ಕೆಚ್‌ಗಳನ್ನು ಮಾರ್ಗರೀತ್ ಕಾರೆ ಅವರ ಮುಂದಿಡುತ್ತಿದ್ದರು. ಪಾಟೂ ಮನೆಯಿಂದ ಬಂದಿದ್ದ ಈಕೆ ಹೊಲಿಗೆಯ ಇಡೀ ವಿಭಾಗದ ಮುಖ್ಯಸ್ಥೆ. ಆಕೆ ಅವನ್ನು ‘ಪ್ರೆಮಿಯೇರ್’ಗಳಿಗೆ, ಅಂದರೆ ಒಂದೊಂದು ಹೊಲಿಗೆ ಕೋಣೆಯನ್ನೂ ನಡೆಸುವ ಹಿರಿಯ ಕೆಲಸಗಾರರಿಗೆ, ಹಂಚುತ್ತಿದ್ದರು. ಯಾವ ಚಿತ್ರ ಯಾರ ಮನಸ್ಸಿಗೆ ಹಿಡಿಸಿತೋ ಅದು ಅವರ ಪಾಲಿಗೆ. ಕೋಟು, ಸೂಟುಗಳ ಕೋಣೆ ಬೇರೆ. ಇಳಿಬೀಳುವ ಮೃದು ಉಡುಪುಗಳ ಕೋಣೆ ಬೇರೆ. ಪ್ರೆಮಿಯೇರ್ ಆ ಪುಟ್ಟ ಚಿತ್ರವನ್ನು ನೋಡಿ ಸಾದಾ ಬಿಳಿ ಹತ್ತಿ ಬಟ್ಟೆಯಲ್ಲಿ ಉಡುಪಿನ ಮೊದಲ ರೂಪ ಕಟ್ಟುತ್ತಿದ್ದರು. ಇದೇ ‘ತ್ವಾಲ್’. ಅಳತೆ, ಡಾರ್ಟ್, ಹೊಲಿಗೆಯ ಜಾಗ ಯಾವುದೂ ಚಿತ್ರದಲ್ಲಿಲ್ಲ. ನೂಲು ಯಾವ ದಿಕ್ಕಿಗಿರಬೇಕು, ನಡು ಎಲ್ಲಿ ಕೂರಬೇಕು, ಲಂಗವನ್ನು ಎತ್ತಿ ನಿಲ್ಲಿಸುವುದು ಹೇಗೆ ಎಂಬ ತೀರ್ಮಾನಗಳೆಲ್ಲ ಆಕೆಯವು. ತ್ವಾಲ್ ತೊಟ್ಟ ರೂಪದರ್ಶಿ ಎದುರು ಬಂದಾಗ ಡಿಯೋರ್ ಕೈಯಲ್ಲೊಂದು ಕೋಲು ಹಿಡಿದು, ಇಲ್ಲಿ ತಗ್ಗಿಸಿ, ಅಲ್ಲಿ ಏರಿಸಿ ಎಂದು ತೋರಿಸುತ್ತಿದ್ದರು. ಕೆಲವು ಬಿದ್ದುಹೋಗುತ್ತಿದ್ದವು, ಕೆಲವು ಮತ್ತೆ ಮತ್ತೆ ಕಟ್ಟಲ್ಪಡುತ್ತಿದ್ದವು. ಇಷ್ಟಾದ ಮೇಲೆಯೇ ನಿಜವಾದ ಬಟ್ಟೆಯ ಆಯ್ಕೆ.

1947ರ ‘ಬಾರ್’ ಸೂಟನ್ನೇ ನೋಡಿ. ರೇಷ್ಮೆಯ ತಿಳಿ ಬಣ್ಣದ ಜಾಕೆಟ್, ನೆರಿಗೆಯ ಕಪ್ಪು ಉಣ್ಣೆ ಲಂಗ. ನ್ಯೂ ಲುಕ್ ಎಂದಾಗ ಕಣ್ಣಿಗೆ ಬರುವುದು ಇದೇ. ಆ ಜಾಕೆಟ್ಟಿನ ಅಂಚು ಸೊಂಟದ ಮೇಲೆ ಮಡಕೆಯ ಕಂಠದ ಹಾಗೆ ಉಬ್ಬಿ ನಿಲ್ಲುತ್ತದೆ. ಆಗ ಡಿಯೋರ್ ಮನೆಯಲ್ಲಿ ಸೂಟುಗಳ ಕೋಣೆಯಲ್ಲಿದ್ದ ಪಿಯೇರ್ ಕಾರ್ಡಿನ್ ನಂತರದ ವರ್ಷಗಳಲ್ಲಿ ನೆನಪಿಸಿಕೊಂಡಿದ್ದಾರೆ: ಆ ಉಬ್ಬು ಬರಿಸಲು ಔಷಧಿ ಅಂಗಡಿಯಿಂದ ಹತ್ತಿ ತಂದು ಒಳಗೆ ತುಂಬಿದರಂತೆ. ಸ್ಕೆಚ್ ಉಬ್ಬನ್ನು ಕೇಳಬಲ್ಲದು, ಹತ್ತಿಯನ್ನು ಹೇಳಲಾರದು.

ಕನ್ನಡದಲ್ಲಿ ಕಾಗದ ಎಂದರೆ ಹಾಳೆಯೂ ಹೌದು, ಪತ್ರವೂ ಹೌದು. ಡಿಯೋರ್ ಸ್ಕೆಚ್ ಈ ಎರಡನೆಯ ಅರ್ಥದ ಕಾಗದ ಎಂಬುದು ಇಷ್ಟೂ ವಾದಗಳನ್ನು ಓದಿದ ಮೇಲೆ ನಾನು ಬಂದು ನಿಂತ ಜಾಗ. ಅದು ಯಾರಿಗೋ ಬರೆದದ್ದು, ಉತ್ತರ ಬೇಡುವಂಥದ್ದು. ತ್ವಾಲ್ ಅದಕ್ಕೆ ಬಂದ ಉತ್ತರ. ಪತ್ರವ್ಯವಹಾರದ ಒಂದು ಕಡೆಯನ್ನು ಮಾತ್ರ ಜೋಪಾನ ಮಾಡಿ, ಇನ್ನೊಂದು ಕಡೆಯದನ್ನು ಕಳೆದುಕೊಂಡರೆ ಏನಾಗುತ್ತದೋ ಉಡುಪಿನ ಚರಿತ್ರೆಯಲ್ಲೂ ಅದೇ ಆಗಿದೆ. ಹಾಳೆಗಳು ಫೈಲಿನಲ್ಲಿ ಚಪ್ಪಟೆಯಾಗಿ, ಜಾಗ ಕೇಳದೆ ಉಳಿದವು. ಬಿಳಿ ಬಟ್ಟೆಯ ತ್ವಾಲ್‌ಗಳು ಕೆಲಸ ಮುಗಿದ ಮೇಲೆ ಬಿಚ್ಚಿ, ಹರಿದು ಹೋದದ್ದೇ ಹೆಚ್ಚು. ವಿಯೊನೆ 1952ರಲ್ಲಿ ತಮ್ಮ ಉಡುಪುಗಳ ಜೊತೆಗೆ ತ್ವಾಲ್‌ಗಳನ್ನೂ ಆಲ್ಬಂಗಳನ್ನೂ ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟದ್ದು ಅಪರೂಪದ ದೂರದೃಷ್ಟಿ. 2017ರಲ್ಲಿ ಪ್ಯಾರಿಸ್ಸಿನ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯದ ಡಿಯೋರ್ ಪ್ರದರ್ಶನದಲ್ಲಿ ಒಂದು ಕೋಣೆಯ ಗೋಡೆಗಳನ್ನು ನೆಲದಿಂದ ಚಾವಣಿಯವರೆಗೆ ತ್ವಾಲ್‌ಗಳಿಂದಲೇ ತುಂಬಿದ್ದರು. ಅಷ್ಟು ಹೊತ್ತಿಗೆ ಈ ಮೂರನೆಯ ಪಕ್ಷದ ಮಾತು ವಸ್ತುಸಂಗ್ರಹಾಲಯಗಳಿಗೂ ತಲುಪಿತ್ತು.

ಸರಕು, ಕಳವು, ಸಾಕ್ಷ್ಯ

ಮೇಲಿನ ಮೂವರೂ ಉಡುಪು ಹೇಗೆ ಹುಟ್ಟುತ್ತದೆ ಎಂದು ಕೇಳುತ್ತಾರೆ. ನಾಲ್ಕನೆಯವರ ಪ್ರಶ್ನೆಯೇ ಬೇರೆ: ಹಾಳೆ ಯಾರ ಕೈಯಿಂದ ಯಾರ ಕೈಗೆ ದಾಟಿತು, ಎಷ್ಟಕ್ಕೆ?

ಪ್ಯಾರಿಸ್ ಮನೆಗಳಿಗೆ ಅಮೆರಿಕದ ದೊಡ್ಡ ಅಂಗಡಿಗಳೇ ಮುಖ್ಯ ಗಿರಾಕಿಗಳು. ಅವರ ಖರೀದಿದಾರರು ಪ್ರದರ್ಶನಕ್ಕೆ ಬರಬೇಕಾದರೆ ಮೊದಲೇ ಠೇವಣಿ ಕಟ್ಟಬೇಕು. ಉಡುಪನ್ನೋ, ತ್ವಾಲನ್ನೋ, ಕಾಗದದ ಪ್ಯಾಟರ್ನನ್ನೋ ಕೊಂಡು, ಹಕ್ಕಿನ ಸಮೇತ ಒಯ್ದು, ತಮ್ಮಲ್ಲಿ ಗೆರೆಗೆ ಗೆರೆ ನಕಲು ಮಾಡಿ ಮಾರಬಹುದಿತ್ತು. ಹೀಗೆ ದುಡ್ಡು ಕೊಟ್ಟು ಒಯ್ಯುವವರ ಪಕ್ಕದಲ್ಲೇ ಕೊಡದೆ ಒಯ್ಯುವವರೂ ಇದ್ದರು. ಪ್ರದರ್ಶನದಲ್ಲಿ ಪೆನ್ಸಿಲ್ ತೆಗೆಯುವಂತಿರಲಿಲ್ಲ. ಕಳ್ಳ ಚಿತ್ರಕಾರರು ಕಣ್ಣಲ್ಲೇ ಉಡುಪನ್ನು ತುಂಬಿಕೊಂಡು, ಹೊರಗೆ ಓಡಿ ಬರೆದು ಮಾರುತ್ತಿದ್ದರು. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ತಾವೇ ಈ ಕೆಲಸ ಮಾಡಿದ್ದ ಎಲಿಜಬೆತ್ ಹಾಸ್ 1938ರ ತಮ್ಮ ಪುಸ್ತಕದಲ್ಲಿ ಅದನ್ನೆಲ್ಲ ಬಿಡಿಸಿಟ್ಟಿದ್ದಾರೆ. ಇದರ ಕಾಟ ತಾಳಲಾರದೆ 1950ರ ದಶಕದ ಕೊನೆಯ ಭಾಗದಲ್ಲಿ ಬಾಲೆನ್ಸಿಯಾಗ, ಇನ್ನೊಬ್ಬ ವಿನ್ಯಾಸಕ ಜಿವಾಂಶಿ ಇಬ್ಬರೂ ಪತ್ರಕರ್ತರನ್ನು ಖರೀದಿದಾರರಿಗಿಂತ ಸುಮಾರು ಒಂದು ತಿಂಗಳು ತಡವಾಗಿ ಒಳಗೆ ಬಿಡತೊಡಗಿದರು.

ಫ್ರಾನ್ಸಿನ ಕಾನೂನು ವಿನ್ಯಾಸಕರ ಕಡೆಗಿತ್ತು. 1793ರ ಕೃತಿಸ್ವಾಮ್ಯ ಕಾನೂನನ್ನು 1902ರಲ್ಲಿ ಅಲಂಕಾರ ವಿನ್ಯಾಸಗಳಿಗೂ ವಿಸ್ತರಿಸಲಾಯಿತು. 1909ರ ಕಾನೂನು ಮಾದರಿಗಳನ್ನು ನೋಂದಾಯಿಸುವ ವ್ಯವಸ್ಥೆ ಮಾಡಿತು. 1952ರಲ್ಲಿ ಉಡುಪಿನಂಥ ಋತುಮಾನದ ಉದ್ಯಮಗಳಿಗೆಂದೇ ಪ್ರತ್ಯೇಕ ಕಾನೂನು ಬಂತು. ಆದರೆ ಹಾಳೆ ಅಟ್ಲಾಂಟಿಕ್ ದಾಟಿದ ಕೂಡಲೇ ಅದರ ಬಲ ಬದಲಾಗುತ್ತಿತ್ತು. ನ್ಯೂಯಾರ್ಕಿನ ನ್ಯಾಯಾಲಯವೊಂದು 1934ರಲ್ಲಿ, ಜಾಕ್ ಅಡೆಲ್ಮನ್ ಕಂಪನಿಯ ಪ್ರಕರಣದಲ್ಲಿ, ಉಡುಪಿನ ಚಿತ್ರದ ಮೇಲಿನ ಕೃತಿಸ್ವಾಮ್ಯ ಆ ಉಡುಪನ್ನು ತಯಾರಿಸುವ ಏಕಸ್ವಾಮ್ಯವನ್ನು ಕೊಡುವುದಿಲ್ಲ ಎಂದಿತು. ಚಿತ್ರವನ್ನು ಅಚ್ಚು ಹಾಕಿದರೆ ತಪ್ಪು. ಚಿತ್ರ ನೋಡಿ ಉಡುಪು ಹೊಲಿದು ಮಾರಿದರೆ ತಪ್ಪಲ್ಲ. ಅಮೆರಿಕದ ವಿನ್ಯಾಸಕರೇ ಸಂಘ ಕಟ್ಟಿ ನಕಲು ಮಾರುವ ಅಂಗಡಿಗಳಿಗೆ ಬಹಿಷ್ಕಾರ ಹಾಕಿದಾಗ, 1941ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಬಹಿಷ್ಕಾರವನ್ನೇ ಅಕ್ರಮವೆಂದಿತು. 1962ರಲ್ಲಿ ಅಲೆಕ್ಸಾಂಡರ್ಸ್ ಎಂಬ ಅಂಗಡಿ ‘ಡಿಯೋರ್ ಉಡುಪಿನ ನಕಲು’ ಎಂದು ನೇರವಾಗಿ ಹೇಳಿ ಜಾಹೀರಾತು ಕೊಟ್ಟದ್ದಕ್ಕೂ ಮೇಲ್ಮನವಿ ನ್ಯಾಯಾಲಯ ಅಡ್ಡಿ ಮಾಡಲಿಲ್ಲ.

ಕಲಾ ಇತಿಹಾಸಕಾರ್ತಿ ನ್ಯಾನ್ಸಿ ಟ್ರಾಯ್ ತಮ್ಮ 2003ರ ಪುಸ್ತಕದಲ್ಲಿ ಈ ಎಳೆಯನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಕೂತೂರ್ ಮನೆಗಳು ಒಂದು ಕೈಯಲ್ಲಿ ‘ಇದು ಏಕೈಕ ಕಲಾಕೃತಿ’ ಎನ್ನುತ್ತ, ಇನ್ನೊಂದು ಕೈಯಲ್ಲಿ ನಕಲಿನ ಹಕ್ಕು ಮಾರುತ್ತಿದ್ದವು. ಈ ಎರಡರ ಜಗ್ಗಾಟದಲ್ಲೇ ಇಡೀ ಉದ್ಯಮ ನಿಂತಿತ್ತು ಎಂಬುದು ಅವರ ವಾದದ ತಿರುಳು. ಸಮಾಜಶಾಸ್ತ್ರಜ್ಞರಾದ ಪಿಯೇರ್ ಬೂರ್ದ್ಯೂ, ಇವೆಟ್ ದೆಲ್ಸೋ ಅವರ 1975ರ ಪ್ರಬಂಧ ಇನ್ನೂ ಖಾರವಾದದ್ದು. ಅವರ ಪ್ರಕಾರ ಬೆಲೆ ಹುಟ್ಟುವುದು ಗೆರೆಯಿಂದಲ್ಲ, ಬಟ್ಟೆಯಿಂದಲೂ ಅಲ್ಲ. ಹೆಸರಿನಿಂದ, ಆ ಹೆಸರನ್ನು ನಂಬುವ ಇಡೀ ವಲಯದಿಂದ. ಹಾಗಿದ್ದರೆ ಡೊವಿಮಾ ತೊಟ್ಟ ಉಡುಪು ಡಿಯೋರ್ ಅವರದೇ, ಗೆರೆ ಯಾರು ಎಳೆದಿದ್ದರೂ. ಡಿಯೋರ್ 1957ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೂ ಮನೆ ಅದೇ ಹೆಸರಿನಲ್ಲಿ ನಡೆದು, 1958ರ ಜನವರಿಯಲ್ಲಿ ಸಾಂ ಲೊರಾಂ ಬರೆದ ‘ಟ್ರಪೀಸ್’ ಸಂಗ್ರಹವನ್ನು ಜಗತ್ತು ಡಿಯೋರ್ ಎಂದೇ ಚಪ್ಪಾಳೆ ತಟ್ಟಿ ಸ್ವೀಕರಿಸಿತಲ್ಲ, ಅದನ್ನು ಈ ಪಕ್ಷದಷ್ಟು ಸರಾಗವಾಗಿ ಬೇರೆ ಯಾರೂ ವಿವರಿಸಲಾರರು. ಆದರೆ ನೂರು ಸ್ಕೆಚ್‌ಗಳಲ್ಲಿ ಇದೇ ಒಂದು ಯಾಕೆ ಒಳ್ಳೆಯದು ಎಂದು ಕೇಳಿದರೆ ಅವರ ಬಳಿ ಉತ್ತರವಿಲ್ಲ. ಆ ಪ್ರಶ್ನೆಯೇ ನನ್ನನ್ನು ಈ ಹಾಳೆಗಳ ಕಡೆಗೆ ಎಳೆದದ್ದು. ಅದನ್ನು ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಚಿಹ್ನೆಗಳ ಲೆಕ್ಕ

ತತ್ತ್ವಶಾಸ್ತ್ರದ ಕಡೆಯಿಂದ ಬಂದ ಮಾತುಗಳು ಕಡಿಮೆ, ಆದರೆ ಹರಿತ. ರೋಲಾಂ ಬಾರ್ತ್ 1967ರಲ್ಲಿ ಚಿತ್ರದ ಉಡುಪು, ಬರಹದ ಉಡುಪು, ನಿಜದ ಉಡುಪು ಎಂದು ಮೂರನ್ನು ಬೇರೆ ಮಾಡಿದರು. ಮೂರಕ್ಕೂ ಮೂರು ವ್ಯಾಕರಣ. ಒಂದರಿಂದ ಇನ್ನೊಂದಕ್ಕೆ ದಾಟಲು ಹೊಲಿಗೆಯ ಪ್ಯಾಟರ್ನಿನಂಥ ಸೇತುವೆ ಬೇಕು. ನೆಲ್ಸನ್ ಗುಡ್‌ಮನ್ 1968ರ ಪುಸ್ತಕದಲ್ಲಿ ಸಂಗೀತದ ಸ್ವರಲಿಪಿಗೂ ಚಿತ್ರಕಾರನ ಕರಡಿಗೂ ಇರುವ ಅಂತರ ತೋರಿಸಿದರು. ಸ್ವರಲಿಪಿಯಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂದು ಮೊದಲೇ ಗೊತ್ತು. ಕರಡಿನಲ್ಲಿ ಗೆರೆಯ ದಪ್ಪ, ನಡುಕ ಎಲ್ಲವೂ ಅರ್ಥವಾಗಬಹುದು, ಆಗದೆಯೂ ಇರಬಹುದು. ಇದನ್ನು ಉಡುಪಿನ ಸ್ಕೆಚ್ಚಿಗೆ ಹಚ್ಚಿದರೆ ಪ್ರೆಮಿಯೇರ್ ಮಾಡುವ ಕೆಲಸ ವಾದ್ಯಗಾರ ಸ್ವರಲಿಪಿ ನುಡಿಸುವುದಕ್ಕಿಂತ ಕಠಿಣ. ಯಾವ ಗೆರೆ ಹೊಲಿಗೆ, ಯಾವುದು ಬರಿಯ ಭಾವ ಎಂಬುದನ್ನೂ ಆಕೆಯೇ ನಿರ್ಧರಿಸಬೇಕು.

ಇನ್ನೂ ಇತ್ಯರ್ಥವಾಗದ್ದು

ಮೊದಲ ತೊಡಕು ಕಾಲದ್ದು. ಸಂಗ್ರಹಗಳಲ್ಲಿರುವ ಎಷ್ಟೋ ಹಾಳೆಗಳಿಗೆ ತಾರೀಖಿಲ್ಲ, ಸಹಿಯಿಲ್ಲ. ಒಂದು ಸ್ಕೆಚ್ ಉಡುಪಿಗಿಂತ ಮುಂಚಿನದೋ ನಂತರದ್ದೋ ಎಂಬುದನ್ನು ಬಟ್ಟೆಯ ಚೂರು, ಸಂಖ್ಯೆ, ಕಾಗದದ ಬಗೆ ಇವುಗಳಿಂದ ಊಹಿಸಬೇಕು. ಆ ಊಹೆ ಬದಲಾದರೆ ಮೇಲಿನ ವಾದಗಳ ತೂಕವೂ ಬದಲಾಗುತ್ತದೆ.

ಎರಡನೆಯದು ಮನೆಯೊಳಗಿನ ಕೈಗಳದ್ದು. 1955ರಿಂದ 1957ರವರೆಗೆ ಡಿಯೋರ್ ಸ್ಟುಡಿಯೋದಲ್ಲಿ ಸಹಾಯಕರು ಬರೆದ ಸ್ಕೆಚ್‌ಗಳು ಡಿಯೋರ್ ಒಪ್ಪಿಗೆಯ ಮೇಲೆ ಡಿಯೋರ್ ಉಡುಪುಗಳಾದವು. ಡಿಯೋರ್ ಗೆರೆಗಳನ್ನೂ ಸಹಾಯಕರ ಗೆರೆಗಳನ್ನೂ ಬೇರ್ಪಡಿಸಬಹುದು ಎನ್ನುವವರಿದ್ದಾರೆ. ಒಪ್ಪಿಗೆಯೂ ಕರ್ತೃತ್ವದ ಭಾಗವೇ, ಬೇರ್ಪಡಿಸುವುದರಲ್ಲಿ ಅರ್ಥವಿಲ್ಲ ಎನ್ನುವವರೂ ಇದ್ದಾರೆ.

ಮೂರನೆಯದು ನನಗೆ ಅತಿ ಕುತೂಹಲದ್ದು. ನ್ಯೂಯಾರ್ಕಿನ ಆಂದ್ರೆ ಸ್ಟುಡಿಯೋಸ್ ಎಂಬ ಸಂಸ್ಥೆ 1930ರ ದಶಕದಲ್ಲಿ ಪ್ಯಾರಿಸ್ ಮಾದರಿಗಳ ಸ್ಕೆಚ್ ಬರೆಸಿ ಅಮೆರಿಕದ ತಯಾರಕರಿಗೆ ಒದಗಿಸುತ್ತಿತ್ತು. ಆ ಹಾಳೆಗಳು ಇಂದು ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಜೋಪಾನವಾಗಿವೆ. ಉಡುಪೂ ಉಳಿಯದೆ, ಮನೆಯ ಕರಡೂ ಉಳಿಯದೆ, ನಕಲಿಗೆಂದು ಬರೆದ ಚಿತ್ರವಷ್ಟೇ ಉಳಿದಿರುವ ಕಡೆ ಅದನ್ನು ಎಷ್ಟು ನಂಬಬೇಕು? ನಕಲುಗಾರನಿಗೆ ಬೇಕಾದದ್ದು ಹೊಲಿಯಲು ಆಗುವ ಮಾಹಿತಿ. ಹಾಗಾಗಿ ಹೊಲಿಗೆ, ಗುಂಡಿ, ಡಾರ್ಟ್‌ಗಳ ವಿಷಯದಲ್ಲಿ ಅವನ ಚಿತ್ರ ವಿನ್ಯಾಸಕನದಕ್ಕಿಂತ ನಿಖರವಾಗಿರಬಹುದು. ಆದರೆ ಕೊಳ್ಳುವವರ ರುಚಿಗೆ ತಕ್ಕಂತೆ ಅವನು ಏನನ್ನು ಬಿಟ್ಟ, ಏನನ್ನು ತಿದ್ದಿದ ಎಂದು ಅಳೆಯಲು ಒಪ್ಪಿತವಾದ ಮಾನದಂಡ ಇನ್ನೂ ಬಂದಿಲ್ಲ.

ಕಾನೂನಿನ ಪ್ರಶ್ನೆಯೂ ಹಾಗೆಯೇ ತೆರೆದುಕೊಂಡಿದೆ. ಉಡುಪಿನ ಮೇಲಿನ ಅಲಂಕಾರವನ್ನು ಅದರ ಉಪಯೋಗದಿಂದ ಬೇರ್ಪಡಿಸಿ ನೋಡಬಹುದಾದರೆ ಅದಕ್ಕೆ ಕೃತಿಸ್ವಾಮ್ಯ ಸಿಗಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಕತ್ತರಿಕೆ ಮತ್ತು ಆಕಾರಕ್ಕೆ ಆ ರಕ್ಷಣೆ ಅಲ್ಲಿ ಇಂದಿಗೂ ಇಲ್ಲ. ಬಾರ್ ಜಾಕೆಟ್ಟಿನ ಉಬ್ಬನ್ನು ಉಡುಪಿನಿಂದ ಬೇರ್ಪಡಿಸುವುದು ಹೇಗೆ?

ಕೊನೆಯದು ಹೆಸರುಗಳದ್ದು. ಸ್ಕೆಚ್ ಪ್ರಕಟವಾದಾಗ ಕೆಳಗೆ ವಿನ್ಯಾಸಕನ ಹೆಸರು, ಸಂಗ್ರಹದ ಹೆಸರು, ವರ್ಷ ಇರುತ್ತದೆ. ಅದನ್ನು ಓದಿ ತ್ವಾಲ್ ಕಟ್ಟಿದ ಪ್ರೆಮಿಯೇರ್ ಹೆಸರನ್ನೂ ಅಲ್ಲಿ ಬರೆಯಬೇಕೇ? ಸಂಬಳದ ಪುಸ್ತಕ, ಕೋಣೆಗಳ ದಾಖಲೆ ಉಳಿದಿರುವ ಮನೆಗಳಲ್ಲಾದರೂ ಇದು ಸಾಧ್ಯವೆಂದು ಕೆಲವು ಸಂಶೋಧಕರು ಕೆಲಸಕ್ಕೆ ಕೈಹಚ್ಚಿದ್ದಾರೆ. ಅವೆಡನ್ ಚಿತ್ರದ ಕೆಳಗೆ ಈಗ ಅಚ್ಚಾಗುವುದು ಡೊವಿಮಾ, ಆನೆಗಳು, ಡಿಯೋರ್ ಉಡುಪು, ಪ್ಯಾರಿಸ್, 1955 ಎಂದಷ್ಟೇ. ಸಾಂ ಲೊರಾಂ ಹೆಸರು ಪಕ್ಕದ ಬರಹಗಳಿಗೆ ಸೇರಲು ವರ್ಷಗಳೇ ಹಿಡಿದವು. ಆ ಕಪ್ಪು ವೆಲ್ವೆಟ್ಟಿಗೆ ಕತ್ತರಿ ಹಾಕಿದವರ ಸರದಿ ಇನ್ನೂ ಬಂದಿಲ್ಲ.